ಗೀಸರ್‌ಗೆ ಯಾವ ಟೈಮರ್? ಮೂರನ್ನೂ ಹಾಕಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ: ನನ್ನ ಮತ ಬ್ಯಾಟರಿ ಇರುವ ಡಿಜಿಟಲ್ ಟೈಮರ್‌ಗೆ. ಬಿಲ್ಲೆ ತಿರುಗುವ ಟೈಮರ್, ವೈ-ಫೈ ಪ್ಲಗ್ ಎರಡೂ ಧಾರವಾಡದ ನಮ್ಮ ಮನೆಯ ಬಚ್ಚಲಿನಿಂದ ಆಚೆ ಬಿದ್ದಿವೆ.

ನಮ್ಮದು 25 ಲೀಟರ್, 2,000 ವಾಟ್‌ನ ಹಳೆಯ ಗೀಸರ್. 22 ಡಿಗ್ರಿಯ ನೀರು 60ಕ್ಕೆ ಏರಲು ಸುಮಾರು 1.1 ಯೂನಿಟ್, ಅಂದರೆ ಅರ್ಧ ತಾಸಿಗಿಂತ ತುಸು ಹೆಚ್ಚು ಹೊತ್ತು ಬೇಕು. ಅದು ತಪ್ಪದ ಖರ್ಚು. ಸ್ವಿಚ್ ಆರಿಸದೆ ಬಿಟ್ಟಾಗ, ಯಾರೂ ಸ್ನಾನ ಮಾಡದಿದ್ದರೂ ಆರುತ್ತಿರುವ ನೀರನ್ನು ದಿನವಿಡೀ ಮತ್ತೆ ಮತ್ತೆ ಕಾಯಿಸುವುದೇ ದಂಡ. ಹೊಸ ಗೀಸರ್‌ಗಳ ಮೇಲಿನ ನಕ್ಷತ್ರಗಳು ಅಳೆಯುವುದೂ ಈ ನಷ್ಟವನ್ನೇ. ಐದು ನಕ್ಷತ್ರದ್ದು ಇದ್ದವರಿಗೆ ಟೈಮರ್‌ನಿಂದ ಉಳಿತಾಯ ಕಡಿಮೆ.

ಬಿಲ್ಲೆಯ ಟೈಮರ್ ನೋಡಲು ಚೆಂದ. ಸುತ್ತಲೂ 96 ಹಲ್ಲು, ಒಂದೊಂದು ಹದಿನೈದು ನಿಮಿಷಕ್ಕೆ. ನಸುಕಿನ ಐದಕ್ಕೆ ಮೂರು ಹಲ್ಲು ಒತ್ತಿಟ್ಟರೆ ಮುಗಿಯಿತು, ಕರೆಂಟ್ ಇರುವವರೆಗೆ. ಕರೆಂಟ್ ಹೋದರೆ ಬಿಲ್ಲೆಯೂ ನಿಲ್ಲುತ್ತದೆ. ಬಂದಾಗ ನಿಂತಲ್ಲಿಂದಲೇ ಹೊರಡುತ್ತದೆ. ರಾತ್ರಿ ಮಳೆಗೆ ಮುಕ್ಕಾಲು ತಾಸು ಕರೆಂಟ್ ಹೋಗಿದ್ದರೆ, ಐದರ ನೀರು ಕಾಯಲು ಶುರುವಾಗುವುದೇ ಐದೂಮುಕ್ಕಾಲಿಗೆ.

ಒಮ್ಮೆ ಆದರೆ ಸರಿಪಡಿಸಬಹುದು. ಆದರೆ ಆ ತಪ್ಪು ಕೂಡುತ್ತ ಹೋಗುತ್ತದೆ. ಇವತ್ತಿನ ಮುಕ್ಕಾಲು ತಾಸಿಗೆ ನಾಳಿನ ಹತ್ತು ನಿಮಿಷ, ಆಚೆ ನಾಡಿದ್ದಿನ ಒಂದು ತಾಸು. ಆಷಾಢದಲ್ಲಿ ನಮ್ಮ ಗೀಸರ್ ಮಧ್ಯಾಹ್ನದ ಊಟದ ಹೊತ್ತಿಗೆ ನಿಷ್ಠೆಯಿಂದ ನೀರು ಕಾಯಿಸುತ್ತಿತ್ತು, ಯಾರಿಗೂ ಬೇಡವಾದಾಗ. ಬಿಲ್ಲೆ ತಿರುಗಿಸಲು ಸ್ಟೂಲ್ ಹತ್ತಬೇಕು. ಒದ್ದೆ ನೆಲದಲ್ಲಿ ಸ್ಟೂಲ್ ಹತ್ತುವುದು ಉಳಿತಾಯದ ದಾರಿಯಲ್ಲ.

ಮೊಬೈಲ್‌ನಿಂದ ನಡೆಸುವ ನಮ್ಮ ವೈ-ಫೈ ಪ್ಲಗ್‌ನ ಒಂದು ಗುಣ ನಿಜಕ್ಕೂ ದೊಡ್ಡದು: ಎಷ್ಟು ಯೂನಿಟ್ ಹೋಯಿತೆಂದು ತೋರಿಸುತ್ತದೆ. ಕೊಳ್ಳುವುದಾದರೆ 16 ಆಂಪಿಯರ್‌ನದ್ದೇ ಇರಲಿ. ನಮ್ಮದಕ್ಕೆ ಕರೆಂಟ್ ಬಂದ ಮೇಲೆ ಇಂಟರ್‌ನೆಟ್ ಬರುವವರೆಗೆ ಹೊತ್ತು ಗೊತ್ತಾಗುತ್ತಿರಲಿಲ್ಲ. ಅತ್ತೆಯವರದ್ದು ಬೇರೆಯೇ ತಕರಾರು: “ಬಿಸಿನೀರಿಗೆ ನಿನ್ನ ಮೊಬೈಲ್ ಯಾಕೆ ಕೇಳಬೇಕು?” ಉತ್ತರ ನನ್ನಲ್ಲಿರಲಿಲ್ಲ.

ಡಿಜಿಟಲ್ ಟೈಮರನ್ನು ಎಲೆಕ್ಟ್ರಿಷಿಯನ್ ಬಚ್ಚಲ ಹೊರಗಿನ ಬೋರ್ಡ್‌ನಲ್ಲಿ ಕೂರಿಸಿದರು. ಒಳಗಿನ ಚಿಕ್ಕ ಬ್ಯಾಟರಿ ಗಡಿಯಾರವನ್ನು ನಡೆಸುತ್ತಿರುತ್ತದೆ. ಕರೆಂಟ್ ಹೋಗಿ ಬಂದರೂ ಐದು ಎಂದರೆ ಐದೇ. ನೆಂಟರು ಬಂದ ದಿನ ಪಕ್ಕದ ಗುಂಡಿ ಒತ್ತಿದರೆ ಟೈಮರ್‌ನ ಹಂಗಿಲ್ಲದೆ ನೀರು ಕಾಯುತ್ತದೆ, ಅತ್ತೆಯವರೂ ಒತ್ತುತ್ತಾರೆ. ಗುಂಡಿಗಳು ಸಾಸಿವೆಯಷ್ಟು, ಹೊತ್ತು ತುಂಬುವಾಗ ತಾಳ್ಮೆ ಬೇಕು.

ಬೋರ್‌ವೆಲ್ ನೀರಿನವರು ಕಾಯಿಲ್‌ಗೆ ಕಟ್ಟಿದ ಸುಣ್ಣವನ್ನೂ ತೆಗೆಸಬೇಕು. ಅದಕ್ಕೆ ಯಾವ ಟೈಮರೂ ಮದ್ದಲ್ಲ.

ಕೊನೆಗೆ ದುಡ್ಡಿನ ಮಾತು. ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಮ್ಮ ತಲೆಗೇ. ಚಳಿಗಾಲದಲ್ಲಿ ಆ ಗೆರೆಯ ಅಂಚಿನಲ್ಲೇ ಓಡಾಡುವ ನಮ್ಮಂಥ ಮನೆಗೆ ಟೈಮರ್ ಬೆಲೆ ಹೊರೆಯಲ್ಲ. ಇನ್ವರ್ಟರ್ ಮೇಲೆ ರೂಟರ್ ಇಟ್ಟುಕೊಂಡು, ದಿನಾ ಬೇರೆ ಬೇರೆ ಹೊತ್ತಿಗೆ ಸ್ನಾನ ಮಾಡುವವರು ವೈ-ಫೈ ಪ್ಲಗ್ ತೆಗೆದುಕೊಳ್ಳಲಿ. ಬಿಲ್ಲೆಯದ್ದನ್ನು ಮಾತ್ರ ಮಳೆಗಾಲ ಇರುವ ಊರಿನವರು ಕೊಳ್ಳಬೇಡಿ.