ವಿನ್ಯೊ ವೆರ್ದೆ, ಅಲ್ವರಿನ್ಯೊ, ಎನ್ಕ್ರುಜಾದೊ: ಯಾವ ಊಟಕ್ಕೆ ಯಾವುದು?

ಪೋರ್ಚುಗಲ್‌ನಲ್ಲಿ ಯಾವ ವೈಟ್ ವೈನ್ ತೆಗೆದುಕೊಳ್ಳಲಿ ಅಂತ ಕೇಳಿದ್ದೀರಿ. ಮೊದಲು ತಟ್ಟೆಯಲ್ಲಿ ಏನಿದೆ ನೋಡಿ.

ಕಡಿಮೆ ಖರ್ಚಿನಲ್ಲಿ ಆಗಬೇಕಾ? ಸಾಮಾನ್ಯ ವಿನ್ಯೊ ವೆರ್ದೆ ಸಾಕು. ದೇಶದ ವಾಯವ್ಯ ಮೂಲೆಯದು, ಹುಳಿ ಚುರುಕು, ಆಲ್ಕೋಹಾಲ್ ಕಡಿಮೆ, ಕೆಲವು ಬಾಟಲಿಗಳಲ್ಲಿ ನಾಲಿಗೆ ಚುಮುಗುಡುವಷ್ಟು ಗ್ಯಾಸೂ ಇರುತ್ತದೆ. ಅಲ್ವರಿನ್ಯೊ ಅನ್ನೋ ದ್ರಾಕ್ಷಿಯ ವೈನ್ ಒಳ್ಳೆಯದು ಬೇಕೆಂದರೆ ಅದೇ ಪ್ರದೇಶದಲ್ಲಿ ಸ್ಪೇನ್ ಗಡಿಗೆ ತಾಗಿದ ಮೊನ್ಸಾಂವ್, ಮೆಲ್ಗಾಸು ಕಡೆಯದನ್ನು ಹುಡುಕಿ. ಬೆಲೆ ಜಾಸ್ತಿ, ಬಾಯಲ್ಲಿ ತುಂಬಿಕೊಳ್ಳುವ ಗಟ್ಟಿತನವೂ ಜಾಸ್ತಿ. ಎನ್ಕ್ರುಜಾದೊ ದಾಂವ್ ಪ್ರದೇಶದ ದ್ರಾಕ್ಷಿ, ಓಕ್ ಪೀಪಾಯಿಯಲ್ಲಿ ಇಟ್ಟದ್ದೂ ಸಿಗುತ್ತದೆ.

ಊಟದಲ್ಲೇ ನಿಜವಾದ ವ್ಯತ್ಯಾಸ ಗೊತ್ತಾಗುವುದು. ಕೆಂಡದ ಮೇಲೆ ಸುಟ್ಟ ಸಾರ್ಡೀನ್‌ನಲ್ಲಿ ಎಣ್ಣೆಯಂಶ ತುಂಬಾ ಇರುತ್ತದೆ, ವಿನ್ಯೊ ವೆರ್ದೆಯ ಹುಳಿ ಅದನ್ನು ಬಾಯಿಂದ ತೊಳೆದುಬಿಡುತ್ತದೆ. ಆದರೆ ಅದೇ ವೈನನ್ನು ಕ್ರೀಮ್ ಹಾಕಿ ಬೇಯಿಸಿದ ಬಕಲ್ಯಾವ್ (ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನು) ಜೊತೆ ಕುಡಿದರೆ ಸಪ್ಪೆ ಅನಿಸುತ್ತದೆ. ಅಲ್ಲಿಗೆ ಎನ್ಕ್ರುಜಾದೊ ಬೇಕು, ಸೆರ್ರಾ ದ ಎಸ್ತ್ರೇಲಾ ಕುರಿಹಾಲಿನ ಚೀಸಿಗೂ ಅದೇ. ಬೆಳ್ಳುಳ್ಳಿ, ಕೊತ್ತಂಬರಿ ಹಾಕಿದ ಮಳಿ (ಚಿಪ್ಪಿನೊಳಗಿನ ಮರುವಾಯಿ), ಆಕ್ಟೋಪಸ್ ಇದ್ದರೆ ನಾನು ಅಲ್ವರಿನ್ಯೊ ಅನ್ನುತ್ತೇನೆ.

ಇಟ್ಟು ಕುಡಿಯುವ ಆಸೆಯಿದ್ದರೆ ಅಲ್ವರಿನ್ಯೊ, ಎನ್ಕ್ರುಜಾದೊ ಎರಡರಲ್ಲಿ ಒಳ್ಳೆಯದನ್ನು ಆರಿಸಿ, ಕೆಲವು ವರ್ಷ ತಡೆಯುತ್ತವೆ. ಸಾಮಾನ್ಯ ವಿನ್ಯೊ ವೆರ್ದೆಯನ್ನು ಸುಮ್ನೆ ಇಡಬೇಡಿ, ಹೊಸದಿದ್ದಾಗಲೇ ಚೆನ್ನ.

ಸಸ್ಯಾಹಾರಿಗಳಾದರೆ ಪೆಯ್ಶಿನ್ಯೊಸ್ ದ ಓರ್ತಾ ಕೇಳಿ. ಹಿಟ್ಟಲ್ಲಿ ಅದ್ದಿ ಕರಿದ ಬೀನ್ಸ್, ನಮ್ಮ ಬಜ್ಜಿ ಥರಾನೇ. ಅದಕ್ಕೆ ತಣ್ಣಗಿನ ವಿನ್ಯೊ ವೆರ್ದೆಯೇ ಸರಿ.