ಆ್ಯಟಮ್ ಜೊತೆ 4 ವರ್ಷ: ಪೆಟ್ಟಿಗೆ ಧಾರವಾಡದಲ್ಲೋ ಶಿರಸಿಯಲ್ಲೋ?

ನಮ್ಮದು ಚಿಕ್ಕ ಟ್ರಸ್ಟು. ಪತ್ರ, ಡೈರಿಗಳು ಧಾರವಾಡದ ಕೋಣೆಯಲ್ಲಿವೆ. ಯಕ್ಷಗಾನ ಪ್ರಸಂಗಗಳ ಕೈಬರಹದ ಪ್ರತಿ, ಜಮೀನಿನ ಕಾಗದ ಎಲ್ಲ ಶಿರಸಿಯ ಹಳೇ ಮನೆಯ ಮಾಳಿಗೆಯಲ್ಲಿ. ಬೇಕಾದ ಕಾಗದ ಎಲ್ಲಿದೆ ಅಂತ ತಿಳಿಯದೆ, ಹುಬ್ಬಳ್ಳಿಯಲ್ಲಿ ಬಸ್ ಬದಲಿಸಿ ಸುಮ್ನೆ ಹೋಗಿ ಬಂದದ್ದು ಎಷ್ಟು ಸಲವೋ. ಅದಕ್ಕೇ ಆ್ಯಟಮ್ (AtoM) ಹಾಕಿಸಿದೆವು, ಹಳೇ ಕಾಗದಪತ್ರಗಳ ವಿವರಪಟ್ಟಿ ಇಡುವ ತಂತ್ರಾಂಶ ಅದು.

ತಂತ್ರಾಂಶ ಉಚಿತ, ಅದು ಕೂತಿರುವ ಸರ್ವರ್ ಅಲ್ಲ. 7 ಜಿಬಿ ರ‍್ಯಾಮ್ ಇರಲಿ ಅನ್ನುತ್ತದೆ. ಅದರ ಬಾಡಿಗೆ ನಮ್ಮಂಥವರಿಗೆ ಜಾಸ್ತಿಯೇ.

ಶುರುವಿನಲ್ಲಿ ಎಡವಿದ್ದು ನಾವೇ. ಎರಡು ಊರು ಅಂತ ಆ್ಯಟಮ್‌ನಲ್ಲಿ ಎರಡು ಸಂಸ್ಥೆಯ ದಾಖಲೆ ತೆರೆದು, ಒಬ್ಬರದೇ ಕಾಗದಗಳನ್ನು ಎರಡು ಸಂಗ್ರಹ ಮಾಡಿ ಒಡೆದೆವು. ಆಮೇಲೆ ಬುದ್ಧಿ ಬಂತು. ಸಂಗ್ರಹ ಒಂದೇ ಇರಲಿ, ಯಾವ ಕಡತ ಯಾವ ಪೆಟ್ಟಿಗೆಯಲ್ಲಿ ಅನ್ನುವುದನ್ನು ಮಾತ್ರ ಬೇರೆ ಜೋಡಿಸಬೇಕು. ಹಾಗೆ ಸರಿ ಮಾಡಿದ ದಿನ, ಇಲ್ಲಿನ ಡೈರಿ, ಅಲ್ಲಿನ ಪ್ರಸಂಗ ಎರಡೂ ಒಂದೇ ಹೆಸರಿನ ಕೆಳಗೆ ಸಾಲಾಗಿ ಬಂದವು. ಕಾಫಿ ಆರಿದ್ದೂ ಗೊತ್ತಾಗಲಿಲ್ಲ. ಪೆಟ್ಟಿಗೆ ಊರು ಬದಲಿಸಿದರೆ ಜಾಗವನ್ನು ಒಂದೇ ಕಡೆ ತಿದ್ದಿದರೆ ಸಾಕು, ಒಳಗಿನ ಅಷ್ಟೂ ಕಡತಗಳಿಗೆ ಹೊಸ ಜಾಗ ಬರುತ್ತದೆ.

ಕಾಟ ಇರುವುದೂ ಆ ಜಾಗದ ಖಾನೆಯಲ್ಲೇ. ಅಲ್ಲಿ ಏನು ಬೇಕಾದರೂ ಬರೆಯಬಹುದು. ಒಬ್ಬರು 'ಶಿರಸಿ' ಅಂದರು, ಇನ್ನೊಬ್ಬರು 'ಸಿರ್ಸಿ', ನಾನೇ ಒಮ್ಮೆ 'ಮಾಳಿಗೆ' ಅಂತ ಹಾಕಿದ್ದೆ. ಪಟ್ಟಿಯಿಂದ ಪೆಟ್ಟಿಗೆ ಆರಿಸದೆ ಹೆಸರು ಟೈಪ್ ಮಾಡಿದರೆ, ಹೊಸ ಪೆಟ್ಟಿಗೆಯೇ ಹುಟ್ಟುತ್ತದೆ. ನಮಗೆ ಎರಡು 'ಪೆಟ್ಟಿಗೆ 14' ಇದ್ದವು! ಕಳೆದ ಮಳೆಗಾಲದಲ್ಲಿ ಅದನ್ನು ಹುಡುಕಲು ಫೋನ್ ಮಾಡಿದರೆ, ಶಿರಸಿ ಮನೆ ನೋಡಿಕೊಳ್ಳುವ ಮಾವ, "ತಮಾ, ಇಲ್ಲಿ ಇಲ್ಲೆ ಮಾರಾಯಾ" ಅಂದರು. ಅದು ನನ್ನ ಮೇಜಿನ ಕೆಳಗೇ ಇತ್ತು. ನಾನೇ ತಂದಿದ್ದೆ, ತಿದ್ದಿರಲಿಲ್ಲ.

ಯಾರು, ಯಾವತ್ತು ಒಯ್ದರು ಅನ್ನುವ ಲೆಕ್ಕಕ್ಕೆ ನಮಗೆ ಕೊನೆಗೆ ರಿಜಿಸ್ಟರೇ ಗತಿ. ಮಾಳಿಗೆ ಮೆಟ್ಟಿಲ ಪಕ್ಕದ ಮೊಳೆಗೆ ನೇತುಹಾಕಿದ್ದೇವೆ, ಪೆನ್ನಿಗೆ ದಾರ ಕಟ್ಟಿ. ಪೆಟ್ಟಿಗೆ ತೆಗೆದ ಜಾಗದಲ್ಲಿ ಅದೇ ನಂಬರಿನ ರಟ್ಟು ನಿಲ್ಲಿಸುತ್ತೇವೆ. ಶನಿವಾರ ಸಂಜೆ ಮಾವ ಅವನ್ನು ಫೋನಿನಲ್ಲಿ ಓದಿ ಹೇಳುತ್ತಾರೆ, ನಾನು ಇಲ್ಲಿ ತಿದ್ದುತ್ತೇನೆ. ಅರ್ಧ ಗಂಟೆ ಸಾಕು. ಅದರಲ್ಲಿ ಹತ್ತು ನಿಮಿಷ ಅಡಿಕೆ ರೇಟಿನ ಮಾತು.

5ಕ್ಕೆ 4 ಕೊಡುತ್ತೇನೆ. 'ಸಿರ್ಸಿ' ಇನ್ನೂ ಮೂರು ಕಡೆ ಉಳಿದಿದೆ.