ಬೆಟಗೇರಿಯ ಮನೆಗೆ ಯಾವ ಕ್ಯಾಮೆರಾ? ಮೂರನ್ನು ಹಾಕಿ ನೋಡಿದ ಮೇಲೆ

ಹೋದ ವರ್ಷ ದಸರೆ ಮುಗಿದ ವಾರದಲ್ಲಿ ಗದಗ-ಬೆಟಗೇರಿಯ ನಮ್ಮ ಮನೆಯ ಹಿತ್ತಲಿನಿಂದ ನೀರಿನ ಮೋಟಾರ್ ಕಳುವಾಯಿತು. ಬಂದವರು ಪಾನಾ ಹಿಡಿದುಕೊಂಡೇ ಬಂದಿದ್ದರು. ಪೈಪನ್ನು ಕತ್ತರಿಸದೆ, ನಟ್ಟುಗಳನ್ನು ಬಿಚ್ಚಿ ಕಟ್ಟೆಯ ಮೇಲೆ ಇಟ್ಟು ಹೋಗಿದ್ದರು. ಪಡಸಾಲೆಯಲ್ಲಿ ಮಲಗಿದ್ದ ಅವ್ವನಿಗೆ ಏನೂ ಕೇಳಿಸಿರಲಿಲ್ಲ. ನಾನು ಹುಬ್ಬಳ್ಳಿಯಲ್ಲಿ, ಅವ್ವ ಒಬ್ಬಳೇ ಅಲ್ಲಿ, ನಡುವೆ ಸುಮಾರು 60 ಕಿಲೋಮೀಟರ್. ಮೋಟಾರಿನ ದುಡ್ಡು ಹೋದದ್ದು ಹೋಯಿತು. ಯಾರೋ ನಮ್ಮ ಹಿತ್ತಲಿನಲ್ಲಿ ಅರ್ಧ ಗಂಟೆ ಕುಳಿತು ಕೆಲಸ ಮಾಡಿದ್ದಾರೆ ಎನ್ನುವುದು ನನ್ನ ನಿದ್ದೆ ಕೆಡಿಸಿತು.

ಅಂದಿನಿಂದ ಮೂರು ಬಗೆಯ ಕ್ಯಾಮೆರಾಗಳನ್ನು ಅದೇ ಮನೆಗೆ ಒಂದಾದ ಮೇಲೊಂದು ಹಾಕಿಸಿ ನೋಡಿದ್ದೇನೆ. ಬಲ್ಬ್ ಹೋಲ್ಡರ್‌ಗೆ ಸಿಕ್ಕಿಸುವ ಕ್ಯಾಮೆರಾ, ವೈ-ಫೈಯಲ್ಲಿ ನಡೆಯುವ ತಿರುಗುವ ಕ್ಯಾಮೆರಾ, ಮತ್ತು ವೈರ್ ಎಳೆದು, ಚಿತ್ರ ದಾಖಲಿಸುವ ಪೆಟ್ಟಿಗೆಯಾದ ಡಿವಿಆರ್‌ಗೆ ಜೋಡಿಸುವ ಜೋಡಿ ಕ್ಯಾಮೆರಾ. ಕಂಪನಿಗಳ ಹೆಸರನ್ನು ಬರೆಯುತ್ತಿಲ್ಲ. ಒಂದೇ ಜಾತಿಯ ಮಾಲು ಹತ್ತು ಹೆಸರಿನಲ್ಲಿ ಸಿಗುತ್ತದೆ, ಗುಣವೂ ದೋಷವೂ ಬಹುಮಟ್ಟಿಗೆ ಆ ಜಾತಿಯದ್ದೇ ಆಗಿರುತ್ತದೆ.

ಬಲ್ಬ್ ಕ್ಯಾಮೆರಾ ತಂದದ್ದು ಅಗ್ಗ ಎಂಬ ಒಂದೇ ಕಾರಣಕ್ಕೆ. ಕೊಪ್ಪಿಕರ್ ರಸ್ತೆಯ ಅಂಗಡಿಯಲ್ಲಿ 1,400 ರೂಪಾಯಿ. ವೈರ್ ಎಳೆಯುವ ಕೆಲಸವಿಲ್ಲ, ಗೋಡೆ ಕೊರೆಯುವುದಿಲ್ಲ, ಬಲ್ಬ್ ತೆಗೆದು ಇದನ್ನು ಹಾಕಿದರೆ ಆಯಿತು. ಆದರೆ ನಾನು ತಂದದ್ದು ತಿರುಪಿನ ಬುಡದ್ದು, ನಮ್ಮ ಮನೆಯ ಹೋಲ್ಡರ್ ಎರಡು ಮೊಳೆಯದ್ದು. ನಡುವೆ ಒಂದು ಜೋಡಣೆ ಹಾಕಿದ್ದರಿಂದ ಕ್ಯಾಮೆರಾ ಸಡಿಲವಾಗಿ ಜೋತುಬಿತ್ತು, ತಲೆ ತಿರುಗಿದಾಗಲೆಲ್ಲ ಚಿತ್ರ ಅಲುಗಾಡಿತು. ಅದನ್ನಾದರೂ ಸಹಿಸಬಹುದಿತ್ತು. ಅವ್ವ ನಲವತ್ತು ವರ್ಷಗಳಿಂದ ಬೆಳಕು ಹರಿದ ಕೂಡಲೇ ಹಿತ್ತಲಿನ ಲೈಟಿನ ಸ್ವಿಚ್ಚು ಆರಿಸುತ್ತಾ ಬಂದವಳು. ಸ್ವಿಚ್ಚು ಆರಿದರೆ ಕ್ಯಾಮೆರಾವೂ ಆರಿತು. ಸ್ವಿಚ್ಚಿನ ಮೇಲೆ ಬಿಳಿ ಪಟ್ಟಿ ಅಂಟಿಸಿದೆ, ಫೋನಿನಲ್ಲಿ ದಿನವೂ ನೆನಪಿಸಿದೆ. ಕೊನೆಗೆ, ಅವಳ ಮನೆಯಲ್ಲಿ ಅವಳ ಒಳ್ಳೆಯ ರೂಢಿಯನ್ನು ಬದಲಿಸಲು ಹೊರಟದ್ದೇ ತಪ್ಪು ಎನಿಸಿತು. ಅಲ್ಲದೆ ಹೋಲ್ಡರ್ ಇರುವುದು ಸೂರಿನ ಎತ್ತರದಲ್ಲಿ. ಅಲ್ಲಿಂದ ಕಾಣುವುದು ಬಂದವರ ನೆತ್ತಿ, ಮುಖವಲ್ಲ. ಮೂರು ವಾರಕ್ಕೆ ಬಿಚ್ಚಿದೆ.

ತಿರುಗುವ ಕ್ಯಾಮೆರಾಕ್ಕೆ 2,300 ರೂಪಾಯಿ, 128 ಜಿಬಿಯ ಮೆಮೊರಿ ಕಾರ್ಡಿಗೆ ಬೇರೆ ದುಡ್ಡು. ಇದರ ಬಗ್ಗೆ ಹೆಚ್ಚು ಹೇಳಬೇಕು, ಏಕೆಂದರೆ ಹೆಚ್ಚಿನವರು ಕೊಳ್ಳುವುದು ಇದನ್ನೇ. ಒಳ್ಳೆಯ ಯಂತ್ರ. ಹುಬ್ಬಳ್ಳಿಯಲ್ಲಿ ಕುಳಿತು ಬೆರಳಿನಿಂದ ಪಡಸಾಲೆಯ ಮೂಲೆ ಮೂಲೆಯನ್ನು ನೋಡಬಹುದು, ಅವ್ವನ ಜೊತೆ ಮಾತನಾಡಬಹುದು. ಆದರೆ ಅದರ ಜೀವ ಇರುವುದು ವೈ-ಫೈಯಲ್ಲಿ, ನಮ್ಮದು ಎರಡು ಅಡಿ ದಪ್ಪದ ಮಣ್ಣಿನ ಗೋಡೆಯ ಮಾಳಿಗೆ ಮನೆ. ರೂಟರ್ ಬಾಗಿಲ ಬಳಿಯ ಕೋಣೆಯಲ್ಲಿ, ಹಿತ್ತಲು ಮೂರು ಗೋಡೆಗಳ ಆಚೆ. ಅಲ್ಲಿ ಚಿತ್ರ ನಿಂತು ನಿಂತು ಬರುತ್ತಿತ್ತು. ಈ ಬೆಲೆಯ ಕ್ಯಾಮೆರಾಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ವೈ-ಫೈಯನ್ನು ಮಾತ್ರ ಹಿಡಿಯುತ್ತವೆ. ಹೊಸ ರೂಟರ್‌ಗಳು 2.4 ಮತ್ತು 5 ಎರಡನ್ನೂ ಒಂದೇ ಹೆಸರಿನಲ್ಲಿ ಕೊಡುತ್ತವೆ. ಮೊದಲ ದಿನ ಜೋಡಣೆಯಾಗದೆ ತಲೆಕೆಟ್ಟರೆ, ರೂಟರ್‌ನಲ್ಲಿ ಅವೆರಡಕ್ಕೂ ಬೇರೆ ಬೇರೆ ಹೆಸರು ಕೊಟ್ಟು ನೋಡಿ. ನನ್ನದು ಹಾಗೆ ಮಾಡಿದ ಮೇಲೆಯೇ ಕೂಡಿಕೊಂಡಿತು.

ಹಿತ್ತಲಿನಲ್ಲಿ ಹಿಡಿಯಲಿಲ್ಲವೆಂದು ಅದನ್ನು ಅಡುಗೆಮನೆಯ ಕಿಟಕಿಯ ಒಳಗೆ, ಗಾಜಿನ ಹಿಂದೆ ಇಟ್ಟೆ. ಹಗಲು ಚೆನ್ನಾಗಿ ಕಂಡಿತು. ರಾತ್ರಿ ಪರದೆ ತುಂಬ ಬರೀ ಬಿಳುಪು. ಕತ್ತಲಲ್ಲಿ ಕ್ಯಾಮೆರಾ ನಮ್ಮ ಕಣ್ಣಿಗೆ ಕಾಣದ ತನ್ನದೇ ಇನ್‌ಫ್ರಾರೆಡ್ ಬೆಳಕನ್ನು ಚೆಲ್ಲುತ್ತದೆ. ಅದು ಗಾಜಿಗೆ ಬಡಿದು ಮರಳಿ ಅದರ ಕಣ್ಣಿಗೇ ಬೀಳುತ್ತದೆ. ಗಾಜಿನ ಹಿಂದೆ ಇಡಲೇಬೇಕೆಂದರೆ ಆ ಬೆಳಕನ್ನು ಆಪ್‌ನಲ್ಲಿ ಆರಿಸಿ, ಹೊರಗೆ ಒಂದು ಲೈಟು ಉರಿಯಬಿಡಬೇಕು.

ಹೊತ್ತು ಮುಳುಗುವಾಗ ಕ್ಯಾಮೆರಾದ ಒಳಗಿನಿಂದ ‘ಟಿಕ್’ ಎಂದು ಸಣ್ಣ ಸದ್ದು ಬರುತ್ತದೆ. ಹಗಲಿನಲ್ಲಿ ಇನ್‌ಫ್ರಾರೆಡ್ಡನ್ನು ತಡೆಯುವ ಪುಟ್ಟ ಗಾಜು ಆಗ ಪಕ್ಕಕ್ಕೆ ಸರಿಯುತ್ತದೆ, ಬಣ್ಣ ಹೋಗಿ ಚಿತ್ರ ಕಪ್ಪುಬಿಳುಪಾಗುತ್ತದೆ. ಒಂದು ಬೆಳಿಗ್ಗೆ ಫೋನಿಗೆ ಬಂದಿದ್ದ ತುಣುಕಿನಲ್ಲಿ ಬಿಳಿ ಸೀರೆಯ ಹೆಂಗಸೊಬ್ಬಳು ನಸುಕಿನಲ್ಲಿ ಹಿತ್ತಲಿನಲ್ಲಿ ನಡೆದಾಡುತ್ತಿದ್ದಳು. ಗಾಬರಿಯಿಂದ ಅವ್ವನಿಗೆ ಫೋನ್ ಮಾಡಿದೆ. ನಾಲ್ಕೂವರೆಗೆ ಎದ್ದು ನೀರಿನ ಕೊಡ ನೋಡಲು ಹೋಗಿದ್ದು ತಾನೇ ಎಂದಳು. ಅವಳು ಉಟ್ಟಿದ್ದದ್ದು ಗಾಢ ನೀಲಿ ಸೀರೆ. ಹಲವು ಬಣ್ಣಗಳು ಕಣ್ಣಿಗೆ ಕಪ್ಪಾಗಿ ಕಂಡರೂ ಇನ್‌ಫ್ರಾರೆಡ್ ಬೆಳಕನ್ನು ಚೆನ್ನಾಗಿ ಮರಳಿಸುತ್ತವೆ, ಹಾಗಾಗಿ ರಾತ್ರಿಯ ಚಿತ್ರದಲ್ಲಿ ಬಿಳಿಯಾಗುತ್ತವೆ. ಕಳ್ಳ ಬಿಳಿ ಅಂಗಿ ತೊಟ್ಟಿದ್ದ ಎಂದು ಪೊಲೀಸರಿಗೆ ಬರೆದುಕೊಡುವ ಮೊದಲು ಇದು ನೆನಪಿರಲಿ.

ಇನ್ನು ಎಚ್ಚರಿಕೆಯ ಗಂಟೆ. ಗದಗಿನ ಗಾಳಿಯನ್ನು ಆಷಾಢದಲ್ಲಿ ಕಂಡವರಿಗೆ ಗೊತ್ತು. ಬೇವಿನ ಟೊಂಗೆ ಅಲುಗಿದಾಗಲೆಲ್ಲ ಫೋನ್ ಬಡಿದುಕೊಂಡಿತು. ಬೆಳಕಿಗೆ ಹುಳು ಬರುತ್ತವೆ, ಹುಳುವಿಗೆ ಜೇಡ ಬರುತ್ತದೆ, ಲೆನ್ಸಿನ ಮುಂದೆ ಒಂದು ಎಳೆ ಬಲೆ ತೂಗಿದರೂ ಅದಕ್ಕೆ ಮನುಷ್ಯ ಬಂದಂತೆ. ಮನುಷ್ಯಾಕೃತಿಯನ್ನು ಮಾತ್ರ ಗುರುತಿಸುವ ಆಯ್ಕೆಯನ್ನು ಹಾಕಿ, ಬೇವಿನ ಮರದ ಭಾಗವನ್ನು ಬಿಟ್ಟು ಬಾಗಿಲು ಮತ್ತು ಮೋಟಾರ್ ಕಟ್ಟೆಯ ಸುತ್ತ ಗೆರೆ ಎಳೆದ ಮೇಲೆ ದಿನಕ್ಕೆ ನಾಲ್ಕೈದು ಎಚ್ಚರಿಕೆಗಳಿಗೆ ಇಳಿಯಿತು. ಅಷ್ಟಾದರೆ ಮಾತ್ರ ನೋಡುವ ಮನಸ್ಸಾಗುತ್ತದೆ.

ಮೆಮೊರಿ ಕಾರ್ಡಿನ ಲೆಕ್ಕವನ್ನು ಅಂಗಡಿಯವರು ಹೇಳುವುದಿಲ್ಲ. ಸೆಕೆಂಡಿಗೆ 1 ಮೆಗಾಬಿಟ್‌ನಂತೆ ಬಿಡದೆ ಬರೆದರೆ ದಿನಕ್ಕೆ 10.8 ಜಿಬಿ. ನನ್ನ ಕ್ಯಾಮೆರಾ ಸುಮಾರು 2 ಮೆಗಾಬಿಟ್ ಬರೆಯುತ್ತದೆ, ಅಂದರೆ 128 ಜಿಬಿಯ ಕಾರ್ಡು ಸುಮಾರು ಆರು ದಿನಕ್ಕೆ ತುಂಬಿ ಹಳೆಯದನ್ನು ಅಳಿಸಲು ತೊಡಗುತ್ತದೆ. ಹೀಗೆ ಬರೆದು ಅಳಿಸಿ ಬರೆದು ಸಾಮಾನ್ಯ ಕಾರ್ಡು ಬೇಗ ಸವೆಯುತ್ತದೆ. ನನ್ನದು ಐದನೆಯ ತಿಂಗಳಲ್ಲಿ ಸದ್ದಿಲ್ಲದೆ ಸತ್ತಿತ್ತು. ನಾನು ಹುಡುಕಿ ನೋಡುವವರೆಗೂ ಗೊತ್ತಾಗಲಿಲ್ಲ. ಕ್ಯಾಮೆರಾಗಳಿಗೆಂದೇ ಮಾಡಿದ, ಹೆಚ್ಚು ಬಾಳಿಕೆಯ ಕಾರ್ಡು ಇನ್ನೂರು ಮುನ್ನೂರು ರೂಪಾಯಿ ಹೆಚ್ಚಾದರೂ ಅದನ್ನೇ ಕೊಳ್ಳಿ.

ಮೂರನೆಯದು ವೈರಿನದು. 2.4 ಮೆಗಾಪಿಕ್ಸೆಲ್‌ನ ಎರಡು ಕ್ಯಾಮೆರಾ, ನಾಲ್ಕು ಚಾನೆಲ್ಲಿನ ಡಿವಿಆರ್, 1 ಟಿಬಿ ಹಾರ್ಡ್ ಡಿಸ್ಕ್, ವೈರು, ಕೂಲಿ ಎಲ್ಲ ಸೇರಿ 9,200 ರೂಪಾಯಿ. ಬಂದ ಹುಡುಗ ಅರ್ಧ ದಿನದಲ್ಲಿ ಮುಗಿಸಿದ. ಜಂತಿಯ ಮರೆಯಲ್ಲಿ ವೈರ್ ಎಳೆದು, ಒಂದನ್ನು ತಲೆಬಾಗಿಲಿಗೆ, ಒಂದನ್ನು ಹಿತ್ತಲಿಗೆ ಕೂರಿಸಿದ. ಎಷ್ಟು ಎತ್ತರಕ್ಕೆ ಎಂದು ಕೇಳಿದಾಗ ಎಂಟು ಅಡಿಯೇ ಸಾಕು ಎಂದು ಹಟ ಹಿಡಿದೆ, ಅವನು ಹನ್ನೆರಡಕ್ಕೆ ಏರಿಸಲು ನೋಡುತ್ತಿದ್ದ. ಬಲ್ಬ್ ಕ್ಯಾಮೆರಾ ಕಲಿಸಿದ ಪಾಠ ಅದು.

ಇದಕ್ಕೆ ಇಂಟರ್ನೆಟ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ದಾಖಲಾಗುತ್ತಲೇ ಇರುತ್ತದೆ. ಮಣ್ಣಿನ ಗೋಡೆ ಎಷ್ಟು ದಪ್ಪವಿದ್ದರೂ ವೈರಿಗೆ ಲೆಕ್ಕವಿಲ್ಲ. ಎರಡು ಕ್ಯಾಮೆರಾ ಹಗಲಿರುಳು ಬರೆದರೂ ಮೂರು ವಾರದಷ್ಟು ಉಳಿಯುತ್ತದೆ. ಕಳವು ಎರಡು ವಾರ ತಡವಾಗಿ ಗಮನಕ್ಕೆ ಬಂದರೂ ಹಿಂದೆ ಹೋಗಿ ನೋಡಬಹುದು. ನನಗೆ ಇದಕ್ಕಿಂತ ಹೆಚ್ಚು ಸಮಾಧಾನ ಕೊಟ್ಟದ್ದು ಇನ್ನೊಂದು: ಡಿವಿಆರ್ ಅನ್ನು ಟಿವಿಗೆ ಜೋಡಿಸಿದ್ದೇವೆ. ರಾತ್ರಿ ನಾಯಿ ಬೊಗಳಿದರೆ ಅವ್ವ ಬಾಗಿಲು ತೆರೆಯುವುದಿಲ್ಲ, ರಿಮೋಟಿನಲ್ಲಿ ಒಂದು ಗುಂಡಿ ಒತ್ತಿ ಹೊರಗೆ ಯಾರಿದ್ದಾರೆಂದು ನೋಡುತ್ತಾಳೆ. ವೈ-ಫೈ ಕ್ಯಾಮೆರಾ ಕಾಯುತ್ತಿದ್ದದ್ದು ನನ್ನ ಫೋನಿಗಾಗಿ. ಇದು ಮನೆಯಲ್ಲಿರುವವಳ ಕೈಯಲ್ಲೇ ಇದೆ.

ಕೊರತೆಯೂ ಇದೆ. ಕಳ್ಳ ಡಿವಿಆರ್ ಪೆಟ್ಟಿಗೆಯನ್ನೇ ಎತ್ತಿಕೊಂಡು ಹೋದರೆ ಎಲ್ಲವೂ ಹೋಯಿತು. ಹೀಗಾಗಿ ಅದು ಟಿವಿಯ ಕೆಳಗಿಲ್ಲ, ಅಟ್ಟದ ಮೇಲೆ ಜಾಲರಿಯ ಪೆಟ್ಟಿಗೆಯೊಳಗೆ ಇದೆ, ಟಿವಿಗೆ ಉದ್ದದ ಕೇಬಲ್ ಇಳಿಸಿದ್ದೇವೆ. ಮುಚ್ಚಿದ ಟ್ರಂಕಿನಲ್ಲಿ ಇಡಬಾರದು, ಹಾರ್ಡ್ ಡಿಸ್ಕಿಗೆ ಬಿಸಿ ಒಗ್ಗದು. ಕರೆಂಟ್ ಹೋದರೆ ಎಲ್ಲ ಒಟ್ಟಿಗೆ ಆರುತ್ತದೆ ಎಂದು 2,600 ರೂಪಾಯಿಗೆ ಕಂಪ್ಯೂಟರ್ ಯುಪಿಎಸ್ ಒಂದನ್ನು ತಂದೆ, ಒಂದೂವರೆ ಗಂಟೆ ತಾಳುತ್ತದೆ. ವೈ-ಫೈ ಕ್ಯಾಮೆರಾದ ವಿಷಯದಲ್ಲಿ ಇದು ಅಗ್ಗವಾಗಿತ್ತು: 1,200 ರೂಪಾಯಿಯ ಸಣ್ಣ ರೂಟರ್ ಯುಪಿಎಸ್ಸಿನಿಂದಲೇ ರೂಟರ್, ಕ್ಯಾಮೆರಾ ಎರಡೂ ಮೂರು ಗಂಟೆ ನಡೆದವು. ಕರೆಂಟ್ ಕಡಿತದ ಮಟ್ಟಿಗೆ ತಿರುಗುವ ಕ್ಯಾಮೆರಾವೇ ಮೇಲು, ಒಪ್ಪಿಕೊಳ್ಳಬೇಕು.

ಮೆಗಾಪಿಕ್ಸೆಲ್‌ನ ಬಗ್ಗೆ ಅಂಗಡಿಯಲ್ಲಿ ಬಹಳ ಮಾತು ಕೇಳಿದೆ. ಅಪರಿಚಿತ ಮುಖವನ್ನು ಗುರುತಿಸಲು ಒಂದು ಮೀಟರ್ ಅಗಲಕ್ಕೆ 250 ಪಿಕ್ಸೆಲ್ ಬೇಕೆಂಬುದು ಈ ಕ್ಷೇತ್ರದ ಅಳತೆ. 2 ಮೆಗಾಪಿಕ್ಸೆಲ್‌ನ ಚಿತ್ರದ ಅಗಲ 1,920 ಪಿಕ್ಸೆಲ್. 90 ಡಿಗ್ರಿ ನೋಡುವ ಲೆನ್ಸಿನಲ್ಲಿ ಮುಖ ಗುರುತು ಸಿಗುವುದು ನಾಲ್ಕು ಮೀಟರ್ ಒಳಗೆ ಮಾತ್ರ. 3 ಮೆಗಾಪಿಕ್ಸೆಲ್‌ಗೆ ಏರಿದರೆ ಹೆಚ್ಚುವುದು ಮುಕ್ಕಾಲು ಮೀಟರ್. ಅದಕ್ಕಾಗಿ ಐನೂರು ರೂಪಾಯಿ ಹೆಚ್ಚು ಕೊಡುವ ಬದಲು, ಜನ ಹಾದುಹೋಗಲೇಬೇಕಾದ ಬಾಗಿಲಿಗೆ ಎರಡು ಹೆಜ್ಜೆ ಹತ್ತಿರ ಕ್ಯಾಮೆರಾ ಕೂರಿಸಿ.

ಕೊಳ್ಳುವಾಗ ಇನ್ನೆರಡು ಸಂಗತಿ. 2025ರ ಏಪ್ರಿಲ್ 9ರಿಂದ ನಮ್ಮ ದೇಶದಲ್ಲಿ ಸಿಸಿಟಿವಿ ಕ್ಯಾಮೆರಾಗಳಿಗೆ ಸೈಬರ್ ಭದ್ರತೆಯ ಪರೀಕ್ಷೆ ಕಡ್ಡಾಯವಾಗಿದೆ, ಪೆಟ್ಟಿಗೆಯ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಸಂಖ್ಯೆ ಇದೆಯೇ ನೋಡಿ. ನನ್ನ ಬಲ್ಬ್ ಕ್ಯಾಮೆರಾದ ಮೇಲೆ ಏನೂ ಇರಲಿಲ್ಲ. ಮನೆಗೆ ತಂದ ದಿನವೇ ಪಾಸ್‌ವರ್ಡ್ ಬದಲಿಸಿ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಲಕ್ಷಾಂತರ ಕ್ಯಾಮೆರಾ, ಡಿವಿಆರ್‌ಗಳನ್ನು ವಶಮಾಡಿಕೊಂಡದ್ದು ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್ ಹಾಗೆಯೇ ಉಳಿದಿದ್ದರಿಂದ.

ತಿರುಗುವ ಕ್ಯಾಮೆರಾ ಈಗ ಪಡಸಾಲೆಯಲ್ಲಿದೆ, ಅವ್ವನ ಒಪ್ಪಿಗೆ ಪಡೆದು. ಅವಳು ಒಂದೇ ಷರತ್ತು ಹಾಕಿದಳು: ಮನೆಯಲ್ಲಿ ಜನ ಕೂತಿರುವಾಗ ಅದರ ಕಣ್ಣು ಮುಚ್ಚಿರಬೇಕು. ನಾನು ಆಪ್‌ನಲ್ಲಿ ಆರಿಸುತ್ತೇನೆ ಎಂದೆ. ಅವಳು ನಂಬಲಿಲ್ಲ, ಹಳೆಯ ಸೀರೆಯ ಸೆರಗಿನಿಂದ ಒಂದು ಕುಲಾವಿ ಹೊಲಿದು ಅದಕ್ಕೆ ತೊಡಿಸಿದ್ದಾಳೆ. ಊರಿಗೆ ಹೋಗುವಾಗ ಮಾತ್ರ ತೆಗೆಯುತ್ತಾಳೆ. ಅದೇ ಸರಿ ಎಂದು ನನಗೂ ಅನ್ನಿಸಿದೆ.

ರಾಣೆಬೆನ್ನೂರಿನ ಅಕ್ಕ ಕಳೆದ ವಾರ ಕೇಳಿದಳು. ಅವಳದ್ದು ಎರಡನೆಯ ಮಹಡಿಯ ಬಾಡಿಗೆ ಮನೆ, ಒಂದೇ ಬಾಗಿಲು, ತೆಳು ಇಟ್ಟಿಗೆಯ ಗೋಡೆ, ಒಳಗೇ ರೂಟರ್. ಅವಳಿಗೆ ಡಿವಿಆರ್ ಬೇಡ ಎಂದೆ. ತಿರುಗುವ ಕ್ಯಾಮೆರಾ ಒಂದು, ಬಾಳಿಕೆಯ ಕಾರ್ಡು, ರೂಟರ್ ಯುಪಿಎಸ್, ಎಲ್ಲ ಸೇರಿ ಐದು ಸಾವಿರದ ಒಳಗೆ. ಎದುರು ಮನೆಯವರ ಬಾಗಿಲು ಚಿತ್ರದಲ್ಲಿ ಬಾರದಂತೆ ತಿರುಗಿಸಿಡು, ಹಾಕುವ ಮೊದಲು ಅವರಿಗೊಂದು ಮಾತು ಹೇಳು ಎಂದೂ ತಿಳಿಸಿದ್ದೇನೆ. ಬರುವ ಭಾನುವಾರ ನಾನೇ ಹೋಗಿ ಕೂರಿಸಿ ಬರುತ್ತೇನೆ.